ಆಡಿಯೊ ಫೈಲ್‌ನ ಅವಧಿ ತಪ್ಪು ಬರುತ್ತಿದೆಯೇ? ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಹಾಡು ಇರುವುದು 3 ನಿಮಿಷ 20 ಸೆಕೆಂಡ್. ನಿಮ್ಮ ಪ್ರೋಗ್ರಾಮ್ 13 ನಿಮಿಷ 20 ಸೆಕೆಂಡ್ ಅನ್ನುತ್ತದೆ. ಇರುಳಿಡೀ ನಡೆದ ಯಕ್ಷಗಾನದ ರೆಕಾರ್ಡಿಂಗ್ ಒಂದೂಕಾಲು ಗಂಟೆಗೆ ಕುಗ್ಗಿಬಿಡುತ್ತದೆ. ಬ್ರೌಸರ್‌ನಲ್ಲಿ ಈಗಷ್ಟೇ ದಾಖಲಿಸಿದ ಧ್ವನಿಯ ಅವಧಿ ಕೇಳಿದರೆ 'ಇನ್ಫಿನಿಟಿ' ಎಂಬ ಉತ್ತರ ಬರುತ್ತದೆ. ಮೂರರ ಬುಡವೂ ಬೇರೆ ಬೇರೆ. ಒಂದಕ್ಕೆ ಸಿಕ್ಕ ಪರಿಹಾರವನ್ನು ಇನ್ನೊಂದಕ್ಕೆ ಅಂಟಿಸಿದರೆ ದೋಷ ಹೋಗುವುದಿಲ್ಲ, ಅಡಗಿ ಕೂರುತ್ತದೆ.

ಪ್ರೋಗ್ರಾಮ್ ಕೊಡುವ ಅವಧಿ ಮೂರು ದಾರಿಗಳಲ್ಲಿ ಒಂದರಿಂದ ಬಂದಿರುತ್ತದೆ. ಫೈಲ್‌ನ ಹೆಡರ್‌ನಲ್ಲಿ, ಅಂದರೆ ಆರಂಭದ ವಿವರಭಾಗದಲ್ಲಿ, ಬರೆದಿಟ್ಟದ್ದನ್ನು ಓದಿರಬಹುದು. ಫೈಲ್ ಗಾತ್ರವನ್ನು ಬಿಟ್‌ರೇಟ್‌ನಿಂದ (ಒಂದು ಸೆಕೆಂಡಿನ ಧ್ವನಿಗೆ ಬೇಕಾಗುವ ಬಿಟ್‌ಗಳು) ಭಾಗಿಸಿ ಅಂದಾಜು ಮಾಡಿರಬಹುದು. ಇಲ್ಲವೇ ಇಡೀ ಫೈಲ್ ಡಿಕೋಡ್ ಮಾಡಿ, ಅಂದರೆ ಒಳಗಿನ ಧ್ವನಿಯನ್ನು ಬಿಚ್ಚಿ, ಸ್ಯಾಂಪಲ್‌ಗಳನ್ನು (ಧ್ವನಿಯ ಒಂದೊಂದು ಅಳತೆ) ಎಣಿಸಿರಬಹುದು. ಮೊದಲನೆಯದು ಬರೆದವರ ಮಾತು, ಎರಡನೆಯದು ಊಹೆ, ಮೂರನೆಯದು ಮಾತ್ರ ಲೆಕ್ಕ. ಲೈಬ್ರರಿಗಳು ಮೂರನ್ನೂ ಒಂದೇ ಹೆಸರಿನ ಫಂಕ್ಷನ್‌ನಲ್ಲಿ ಕೊಡುತ್ತವೆ. ಯಾವ ದಾರಿಯಿಂದ ತಂದೆವು ಎಂದು ಹೇಳುವುದು ಅಪರೂಪ. ನಿಮ್ಮ ಕೈಗೆ ಬಂದ ಸಂಖ್ಯೆ ಯಾವ ದಾರಿಯದು ಎಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆಯೇ.

## ಕೋಡ್ ಮುಟ್ಟುವ ಮೊದಲು

ಮೂಲ ಫೈಲ್‌ನ ಪ್ರತಿ ಮಾಡಿಕೊಳ್ಳಿ, ಮುಂದಿನ ಪರೀಕ್ಷೆಗಳೆಲ್ಲ ಪ್ರತಿಯ ಮೇಲೆ ನಡೆಯಲಿ. ಹೆಡರ್ ದುರಸ್ತಿ ಮಾಡುವ ಕೆಲವು ಉಪಕರಣಗಳು ಕೇಳದೆಯೇ ಅದೇ ಫೈಲ್‌ನ ಮೇಲೆ ಬರೆಯುತ್ತವೆ. ಮತ್ತೆ ಸಿಗದ ರೆಕಾರ್ಡಿಂಗ್ ಆದರೆ ಆಮೇಲೆ ಏನು ಮಾಡಿಯೂ ಪ್ರಯೋಜನವಿಲ್ಲ.

ಫೈಲ್‌ನ ಗಾತ್ರ ನೋಡಿ. ಸೊನ್ನೆ ಬೈಟ್ ಇದ್ದರೆ ದೋಷ ಡೌನ್‌ಲೋಡ್‌ನಲ್ಲೋ ಅಪ್‌ಲೋಡ್‌ನಲ್ಲೋ ಇದೆ. ಕೆಲವೇ ಕಿಲೋಬೈಟ್ ಇದ್ದರೆ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದುಬಿಡಿ. ಎಷ್ಟೋ ಸಲ ಹಾಡಿನ ಹೆಸರಿನ ಹಿಂದೆ ಸರ್ವರ್ ಕಳಿಸಿದ 'ಪುಟ ಸಿಗಲಿಲ್ಲ' ಎಂಬ ಎಚ್‌ಟಿಎಂಎಲ್ ಕುಳಿತಿರುತ್ತದೆ.

ಫೈಲ್ ಹೆಸರಿನ ಕೊನೆಯ ಅಕ್ಷರಗಳನ್ನು ನಂಬಬೇಡಿ. ಎಂಪಿ3 ಎಂದು ಹೆಸರಿಟ್ಟ ಫೈಲ್‌ನ ಒಳಗೆ ಎಎಸಿ ಎಂಬ ಬೇರೆ ಫಾರ್ಮ್ಯಾಟ್ ಇರಬಹುದು. ಯಾರೋ ಹೆಸರು ಬದಲಿಸಿದ್ದನ್ನೇ ಫಾರ್ಮ್ಯಾಟ್ ಬದಲಿಸಿದಂತೆ ಭಾವಿಸಿರಬಹುದು. ಲಿನಕ್ಸ್‌ನಲ್ಲಿ 'ಫೈಲ್' ಎಂಬ ಕಮಾಂಡ್, ಎಲ್ಲ ಕಡೆಯೂ ಎಫ್‌ಎಫ್‌ಪ್ರೋಬ್ (ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ಆಡಿಯೊ-ವಿಡಿಯೊ ಉಪಕರಣದ ಜೊತೆಗೆ ಬರುವ ಕಮಾಂಡ್), ಒಳಗಿನ ನಿಜವನ್ನು ಹೇಳುತ್ತವೆ.

ಕೊನೆಯದಾಗಿ, ಫೈಲನ್ನು ಒಂದು ಪ್ಲೇಯರ್‌ನಲ್ಲಿ ಹಾಕಿ ಕೊನೆಯವರೆಗೆ ನುಡಿಸಿ ನಿಜವಾದ ಅವಧಿ ಎಷ್ಟೆಂದು ಗುರುತು ಹಾಕಿಕೊಳ್ಳಿ. ಪ್ರೋಗ್ರಾಮ್ ಕೊಟ್ಟ ಸಂಖ್ಯೆಯನ್ನು ಈ ನಿಜದ ಸಂಖ್ಯೆಯಿಂದ ಭಾಗಿಸಿ. ಬರುವ ಭಾಗಲಬ್ಧವೇ ಇಡೀ ಹುಡುಕಾಟದ ದಾರಿದೀಪ. ಸರಿಯಾಗಿ 2, ಸರಿಯಾಗಿ ಅರ್ಧ, ಸರಿಯಾಗಿ 3, ಸರಿಯಾಗಿ 1000 ಬಂದರೆ ಒಂದು ಗುಂಪಿನ ದೋಷ. 1.37ರಂಥ ಅಡ್ಡಾದಿಡ್ಡಿ ಸಂಖ್ಯೆ ಬಂದರೆ ಬೇರೆ ಗುಂಪು.

## ಅವಧಿ ಸರಿ ಇದೆ, ತೋರಿಸುವುದು ತಪ್ಪು

ಇದಕ್ಕೆ ಖರ್ಚಿಲ್ಲ, ಆದ್ದರಿಂದ ಮೊದಲು ನೋಡಿ. 200 ಸೆಕೆಂಡನ್ನು 60ರಿಂದ ಭಾಗಿಸಿದರೆ 3.33. ಅದನ್ನೇ '3:33' ಎಂದು ತೆರೆಗೆ ಕಳಿಸಿದರೆ 13 ಸೆಕೆಂಡ್ ಹೆಚ್ಚು ಕಾಣುತ್ತದೆ. ನಿಮಿಷಕ್ಕೆ ಭಾಗಲಬ್ಧ, ಸೆಕೆಂಡಿಗೆ ಶೇಷ ತೆಗೆದುಕೊಳ್ಳಬೇಕು. ಸೆಕೆಂಡ್ ಒಂದಂಕಿ ಆದಾಗ ಮುಂದೆ ಸೊನ್ನೆ ಹಾಕದಿದ್ದರೆ 3:05 ಇದ್ದದ್ದು 3:5 ಆಗುತ್ತದೆ, ಓದುವವರು 3:50 ಅಂದುಕೊಳ್ಳುತ್ತಾರೆ. ಒಂದು ಗಂಟೆ ಮೀರಿದ ಫೈಲ್‌ಗಳಲ್ಲಿ ಮಾತ್ರ ತೊಂದರೆ ಇದ್ದರೆ ಗಂಟೆಯ ಲೆಕ್ಕ ಬಿಟ್ಟುಹೋಗಿದೆಯೇ ನೋಡಿ.

ಭಾಗಲಬ್ಧ 1000ದಂಥ ಹತ್ತರ ಘಾತ ಬಂದರೆ ಮಾನ ಬದಲಾಗಿದೆ. ಆಂಡ್ರಾಯ್ಡ್‌ನ ಮೀಡಿಯಾ ಮೆಟಾಡೇಟಾ ರಿಟ್ರೀವರ್ ಅವಧಿಯನ್ನು ಮಿಲಿಸೆಕೆಂಡ್‌ನಲ್ಲಿ, ಅದೂ ಸಂಖ್ಯೆಯಾಗಿ ಅಲ್ಲ, ಅಕ್ಷರಮಾಲೆಯಾಗಿ ಕೊಡುತ್ತದೆ. ಜಾವಾದ ಸೌಂಡ್ ಕ್ಲಿಪ್ ಮೈಕ್ರೊಸೆಕೆಂಡ್‌ನಲ್ಲಿ ಹೇಳುತ್ತದೆ. ವಿಂಡೋಸ್ ಫೈಲ್‌ಗುಣಗಳಲ್ಲಿ 100 ನ್ಯಾನೊಸೆಕೆಂಡ್‌ನ ಮಾನ, ಅಂದರೆ ಒಂದು ಸೆಕೆಂಡಿಗೆ 1 ಕೋಟಿ. ಪೈಥಾನ್‌ನ ಪೈಡಬ್‌ನಲ್ಲಿ ಉದ್ದ ಕೇಳಿದರೆ ಮಿಲಿಸೆಕೆಂಡ್, ಮ್ಯುಟಾಜೆನ್‌ನಲ್ಲಿ ಸೆಕೆಂಡ್. ವೇರಿಯಬಲ್‌ನ ಹೆಸರಿಗೇ ಮಾನವನ್ನು ಸೇರಿಸಿಬಿಡುವುದು ಒಳ್ಳೆಯ ಅಭ್ಯಾಸ.

## ಪುಟ್ಟ ಕ್ಲಿಪ್ ಸರಿ, ಸ್ವಲ್ಪ ಉದ್ದವಾದರೆ ಋಣ ಸಂಖ್ಯೆ

ಅರ್ಧ ನಿಮಿಷದ ಪರೀಕ್ಷಾ ಫೈಲ್ ಸರಿಯಾಗಿಯೇ ಬಂದಿತ್ತು, ಒಂದು ನಿಮಿಷದ್ದು ಮೈನಸ್ ಬಂತು ಎಂದರೆ 32 ಬಿಟ್ ಪೂರ್ಣಾಂಕ ತುಂಬಿ ಹರಿದಿದೆ. ಸ್ಯಾಂಪಲ್ ಎಣಿಕೆಯನ್ನು 1000ದಿಂದ ಗುಣಿಸಿ ಆಮೇಲೆ ಸ್ಯಾಂಪಲ್ ದರವಾದ (ಸೆಕೆಂಡಿಗೆ ಇಷ್ಟು ಸ್ಯಾಂಪಲ್) 44100ರಿಂದ ಭಾಗಿಸುವ ಕೋಡ್‌ನಲ್ಲಿ ಗುಣಲಬ್ಧ 48.7 ಸೆಕೆಂಡ್‌ನ ಹತ್ತಿರ 214 ಕೋಟಿಯ ಮಿತಿ ದಾಟುತ್ತದೆ. ಅಲ್ಲಿಂದ ಸುಮಾರು 97 ಸೆಕೆಂಡ್‌ವರೆಗೆ ಋಣ ಸಂಖ್ಯೆ. ಆಮೇಲೆ ಮತ್ತೆ ಧನ ಸಂಖ್ಯೆ ಬರುತ್ತದೆ, ಆದರೆ ಸುಳ್ಳು ಸಂಖ್ಯೆ: 200 ಸೆಕೆಂಡ್‌ನ ಹಾಡು ಸುಮಾರು 5.2 ಸೆಕೆಂಡ್ ಆಗಿ ಕಾಣುತ್ತದೆ. ಋಣ ಬಂದಾಗ ಯಾರಾದರೂ ಗಮನಿಸುತ್ತಾರೆ, ಈ 5.2 ಮಾತ್ರ ಕಣ್ಣು ತಪ್ಪಿಸಿ ಡೇಟಾಬೇಸ್ ಸೇರುತ್ತದೆ. ಫೈಲ್‌ಗಾತ್ರವನ್ನು ಬಿಟ್‌ಗೆ ತಿರುಗಿಸಲು 8ರಿಂದ ಗುಣಿಸುವಲ್ಲೂ ಇದೇ ಕಥೆ, ಅಲ್ಲಿ ಮಿತಿ 26.8 ಕೋಟಿ ಬೈಟ್. ಸಿ, ಸಿ++, ಜಾವಾ, ಸಿ ಶಾರ್ಪ್‌ನಲ್ಲಿ ಗುಣಿಸುವ ಮೊದಲೇ 64 ಬಿಟ್‌ಗೆ ಬದಲಿಸಿ. ಪೈಥಾನ್‌ನ ಸ್ವಂತ ಪೂರ್ಣಾಂಕಕ್ಕೆ ಈ ಭಯವಿಲ್ಲ, ನಮ್‌ಪೈ ಅರೇಗಳ 32 ಬಿಟ್ ಪೂರ್ಣಾಂಕಕ್ಕೆ ಇದೆ.

## ಸರಿಯಾಗಿ ಎರಡು ಪಟ್ಟು, ಸರಿಯಾಗಿ ಅರ್ಧ, ಸರಿಯಾಗಿ ಮೂರು ಪಟ್ಟು

ಎರಡು ಪಟ್ಟು ಬಂದರೆ ಮೊದಲ ಶಂಕೆ ಸ್ಟೀರಿಯೊ ಮೇಲೆ. ಎಡ ಬಲ ಎರಡೂ ಚಾನೆಲ್‌ಗಳ ಸ್ಯಾಂಪಲ್‌ಗಳನ್ನು ಕೂಡಿಸಿ ಎಣಿಸಿ, ಚಾನೆಲ್ ಸಂಖ್ಯೆಯಿಂದ ಭಾಗಿಸುವುದು ಬಿಟ್ಟುಹೋಗಿದೆ. ಮೊನೊ ಫೈಲ್ ಒಂದನ್ನು ಕೊಟ್ಟು ನೋಡಿ. ಅದು ಸರಿ ಬಂದರೆ ಶಂಕೆ ಖಚಿತ.

ಅರ್ಧ ಬಂದರೆ, ಪೈಥಾನ್‌ನಲ್ಲಿ ಲಿಬ್ರೋಸಾ ಬಳಸುತ್ತಿದ್ದೀರಾ ಎಂದು ಕೇಳಿಕೊಳ್ಳಿ. ಅದು ಏನೂ ಹೇಳದಿದ್ದರೆ ಪ್ರತಿ ಫೈಲನ್ನೂ 22050 ಹರ್ಟ್ಸ್‌ಗೆ ಇಳಿಸಿ ಕೈಗೆ ಕೊಡುತ್ತದೆ. ಸ್ಯಾಂಪಲ್‌ಗಳು ಹೊಸ ದರದವು, ನೀವು ಭಾಗಿಸುತ್ತಿರುವುದು ಹಳೆಯ 44100ರಿಂದ, ಹಾಗಾಗಿ ಅರ್ಧ. ಅದು ಹಿಂತಿರುಗಿಸುವ ದರವನ್ನೇ ಬಳಸಿ. ಅದರಲ್ಲೇ ಸ್ಟೀರಿಯೊ ಉಳಿಸಿಕೊಂಡು ಅರೇಯ ಉದ್ದ ಕೇಳಿದರೆ 2 ಬರುತ್ತದೆ, ಏಕೆಂದರೆ ಅಲ್ಲಿ ಚಾನೆಲ್ ಮೊದಲು, ಸ್ಯಾಂಪಲ್ ಆಮೇಲೆ. ಸೌಂಡ್‌ಫೈಲ್ ಲೈಬ್ರರಿಯಲ್ಲಿ ಕ್ರಮ ತಿರುವುಮುರುವು. ಅವಧಿ ಸೊನ್ನೆಗೆ ತೀರಾ ಹತ್ತಿರ ಬಂದಾಗ ಇದನ್ನು ನೋಡಿ.

ಎಎಸಿಯಲ್ಲಿ ಅರ್ಧವೋ ಎರಡು ಪಟ್ಟೋ ಬಂದರೆ ಅದು ಎಚ್‌ಇ-ಎಎಸಿ ಆಗಿರಬಹುದು. ಕಡಿಮೆ ಬಿಟ್‌ರೇಟ್‌ನ ಇಂಟರ್ನೆಟ್ ರೇಡಿಯೊಗಳಲ್ಲಿ ಹೆಚ್ಚು ಕಾಣುವ ಬಗೆ ಇದು. ಒಳಗಿನ ತಿರುಳು ಅರ್ಧ ದರದ್ದು, ಫ್ರೇಮಿಗೆ (ಧ್ವನಿಯ ಒಂದು ಪುಟ್ಟ ತುಂಡಿಗೆ) 1024 ಸ್ಯಾಂಪಲ್, 22050 ಹರ್ಟ್ಸ್. ಡಿಕೋಡ್ ಆದ ಮೇಲೆ 2048 ಸ್ಯಾಂಪಲ್, 44100 ಹರ್ಟ್ಸ್. ಯಾವುದಾದರೂ ಒಂದು ಜೋಡಿಯನ್ನು ಪೂರ್ತಿಯಾಗಿ ಬಳಸಿದರೆ ಉತ್ತರ ಒಂದೇ. ಒಂದರಿಂದ ಸ್ಯಾಂಪಲ್, ಇನ್ನೊಂದರಿಂದ ದರ ತೆಗೆದುಕೊಂಡರೆ ಅವಧಿ ಅರ್ಧವೋ ಇಮ್ಮಡಿಯೋ ಆಗುತ್ತದೆ.

ಮೂರು ಪಟ್ಟು ಬರುವುದು ಓಪಸ್ ಎಂಬ ಫಾರ್ಮ್ಯಾಟ್‌ನಲ್ಲಿ. ವಾಟ್ಸ್ಆ್ಯಪ್ ಧ್ವನಿಸಂದೇಶಗಳು ಓಗ್ ಎಂಬ ಕಂಟೇನರ್‌ನಲ್ಲಿರುವ (ಧ್ವನಿ ತುಂಬಿಡುವ ಡಬ್ಬಿ) ಓಪಸ್. ಓಗ್‌ನಲ್ಲಿ ಅವಧಿ ತಿಳಿಯಲು ಕಟ್ಟಕಡೆಯ ಪುಟದ ಗ್ರಾನ್ಯೂಲ್ ಪೊಸಿಷನ್ (ಅಲ್ಲಿಯವರೆಗಿನ ಸ್ಯಾಂಪಲ್ ಎಣಿಕೆ) ಓದಿ ಸ್ಯಾಂಪಲ್ ದರದಿಂದ ಭಾಗಿಸುತ್ತಾರೆ. ಓಪಸ್‌ನಲ್ಲಿ ಈ ಎಣಿಕೆ ಯಾವಾಗಲೂ 48000ದ ಲೆಕ್ಕದಲ್ಲಿ ನಡೆಯುತ್ತದೆ. ಹೆಡರ್‌ನಲ್ಲಿ 16000 ಎಂದು ಬರೆದಿದ್ದರೆ ಅದು ಮೂಲ ಧ್ವನಿ ಯಾವ ದರದ್ದಾಗಿತ್ತು ಎಂಬ ಮಾಹಿತಿ ಮಾತ್ರ. ಅದರಿಂದ ಭಾಗಿಸಿದರೆ 20 ಸೆಕೆಂಡ್‌ನ ಸಂದೇಶ ಒಂದು ನಿಮಿಷ ಆಗುತ್ತದೆ. 48000ದಿಂದಲೇ ಭಾಗಿಸಿ, ಮೊದಲು ಹೆಡರ್‌ನ ಪ್ರೀ-ಸ್ಕಿಪ್ ಸಂಖ್ಯೆಯನ್ನು (ಆರಂಭದಲ್ಲಿ ಬಿಟ್ಟುಬಿಡಬೇಕಾದ ಸ್ಯಾಂಪಲ್‌ಗಳು) ಕಳೆಯಿರಿ.

## ಎಂಪಿ3: ಅವಧಿ ಅಡ್ಡಾದಿಡ್ಡಿ ಬರುತ್ತದೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಎಂಪಿ3ಗೆ ಇಡೀ ಫೈಲ್‌ಗೆಂದು ಒಂದು ಹೆಡರ್ ಇರಲೇಬೇಕೆಂಬ ನಿಯಮವೇ ಇಲ್ಲ. ಅದು ಸಣ್ಣ ಸಣ್ಣ ಫ್ರೇಮ್‌ಗಳ ಸಾಲು, ಪ್ರತಿ ಫ್ರೇಮಿಗೂ ನಾಲ್ಕು ಬೈಟ್‌ನ ತನ್ನದೇ ಹೆಡರ್. 44100 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ ಅಂದರೆ 1152 ಸ್ಯಾಂಪಲ್, ಸುಮಾರು 26 ಮಿಲಿಸೆಕೆಂಡ್. ಬಿಟ್‌ರೇಟ್ 128 ಕಿಲೋಬಿಟ್ ಇದ್ದರೆ ಅದರ ಗಾತ್ರ 417 ಅಥವಾ 418 ಬೈಟ್. 22050 ಅಥವಾ 24000ದಂಥ ಕಡಿಮೆ ದರಗಳಲ್ಲಿ ಫ್ರೇಮಿಗೆ 576 ಸ್ಯಾಂಪಲ್ ಮಾತ್ರ. ಅಲ್ಲೂ 1152 ಎಂದೇ ಲೆಕ್ಕ ಹಾಕಿದರೆ ಮತ್ತೆ ಸರಿಯಾಗಿ ಎರಡು ಪಟ್ಟು.

ಅವಧಿ ತುಂಬಾ ಹೆಚ್ಚು ಬಂದರೆ: ಫೈಲ್ ಬದಲಾಗುವ ಬಿಟ್‌ರೇಟ್‌ನದ್ದಿರಬೇಕು. ಹಾಡು ಶುರುವಾಗುವ ಮುಂಚಿನ ಮೌನದ ಫ್ರೇಮ್ 32 ಕಿಲೋಬಿಟ್‌ನದ್ದು ಅನ್ನಿ. ಪ್ರೋಗ್ರಾಮ್ ಆ ಮೊದಲ ಫ್ರೇಮ್ ಒಂದನ್ನೇ ನೋಡಿ, ಇಡೀ ಫೈಲ್ ಹೀಗೇ ಇದೆ ಎಂದು ಗಾತ್ರವನ್ನು ಭಾಗಿಸುತ್ತದೆ. ಸರಾಸರಿ 128 ಇರುವ, 32 ಲಕ್ಷ ಬೈಟ್‌ನ ಹಾಡು 200 ಸೆಕೆಂಡ್ ಆಗುವ ಬದಲು 800 ಸೆಕೆಂಡ್ ಆಗುತ್ತದೆ. ಆರಂಭದಲ್ಲಿ ಹೇಳಿದ 13 ನಿಮಿಷ 20 ಸೆಕೆಂಡ್ ಬಂದದ್ದು ಹೀಗೆ. ಮೊದಲ ಫ್ರೇಮ್ 320ರದ್ದಾದರೆ ಅವಧಿ ಉಲ್ಟಾ ಕುಗ್ಗುತ್ತದೆ.

ಈ ತೊಂದರೆಗೆಂದೇ ಎನ್‌ಕೋಡರ್‌ಗಳು ಮೊದಲ ಫ್ರೇಮ್‌ನೊಳಗೆ ಒಂದು ಚೀಟಿ ಇಡುತ್ತವೆ. 'ಕ್ಸಿಂಗ್' ಎಂಬ ಗುರುತು ಇದ್ದರೆ ಒಟ್ಟು ಫ್ರೇಮ್‌ಗಳ ಸಂಖ್ಯೆ ಅದರ ಪಕ್ಕದಲ್ಲೇ ಸಿಗುತ್ತದೆ. ಲೇಮ್ ಎನ್‌ಕೋಡರ್ ಸ್ಥಿರ ಬಿಟ್‌ರೇಟ್‌ನ ಫೈಲ್‌ಗಳಲ್ಲಿ ಅದೇ ಜಾಗದಲ್ಲಿ 'ಇನ್ಫೊ' ಎಂದು ಬರೆಯುತ್ತದೆ. ಫ್ರೌನ್‌ಹೋಫರ್ ಸಂಸ್ಥೆಯ ಎನ್‌ಕೋಡರ್‌ನ ಗುರುತು 'ವಿಬಿಆರ್‌ಐ'. ಕ್ಸಿಂಗ್ ಎಲ್ಲಿರುತ್ತದೆ ಎಂಬುದು ಫೈಲ್ ಮೊನೊನೋ ಸ್ಟೀರಿಯೊನೋ ಎಂಬುದರ ಮೇಲಿದೆ: 44100ರ ಸ್ಟೀರಿಯೊದಲ್ಲಿ ಫ್ರೇಮ್‌ನ ಆರಂಭದಿಂದ 36ನೇ ಬೈಟ್, ಮೊನೊದಲ್ಲಿ 21ನೇ ಬೈಟ್. ನೀವೇ ಬರೆದ ಪಾರ್ಸರ್ (ಫೈಲ್‌ನ ಬೈಟ್‌ಗಳನ್ನು ಬಿಡಿಸಿ ಓದುವ ಕೋಡ್) ಸ್ಟೀರಿಯೊ ಹಾಡುಗಳಿಗೆ ಸರಿಯಾಗಿದ್ದು ಮೊನೊ ಉಪನ್ಯಾಸಗಳಿಗೆ ತಪ್ಪಿದರೆ ಇಲ್ಲಿ ಹುಡುಕಿ.

ಹೆಚ್ಚಳ ಒಂದೆರಡು ನಿಮಿಷದಷ್ಟು, ಅದೂ ಕೆಲವೇ ಹಾಡುಗಳಲ್ಲಿ ಆದರೆ: ಮುಖಪುಟ ಚಿತ್ರ ನೋಡಿ. ಹಾಡಿನ ಹೆಸರು, ಕಲಾವಿದರ ವಿವರ ಇಡುವ ಐಡಿ3 ಟ್ಯಾಗ್‌ನೊಳಗೆ 20 ಲಕ್ಷ ಬೈಟ್‌ನ ಚಿತ್ರ ಇದ್ದು, ಅದನ್ನೂ ಸೇರಿಸಿ ಫೈಲ್‌ಗಾತ್ರವನ್ನು ಭಾಗಿಸಿದರೆ 128 ಕಿಲೋಬಿಟ್‌ನಲ್ಲಿ 125 ಸೆಕೆಂಡ್ ಸುಮ್ಮನೆ ಸೇರಿಕೊಳ್ಳುತ್ತದೆ. ಟ್ಯಾಗ್‌ನ ಗಾತ್ರ ಕಳೆಯಬೇಕು. ಆ ಗಾತ್ರ ಬರೆದಿರುವ ರೀತಿಯಲ್ಲೂ ಒಂದು ತೊಡಕಿದೆ: ನಾಲ್ಕು ಬೈಟ್‌ಗಳಲ್ಲಿ ಪ್ರತಿಯೊಂದರಲ್ಲೂ 7 ಬಿಟ್ ಮಾತ್ರ ಬಳಕೆಯಲ್ಲಿರುತ್ತದೆ. 0, 0, 2, 1 ಎಂಬ ಬೈಟ್‌ಗಳ ಅರ್ಥ 257. ಮಾಮೂಲಿನಂತೆ ಓದಿದರೆ 513 ಆಗಿ, ಆಡಿಯೊದ ಒಂದಿಷ್ಟು ಭಾಗವೂ ಟ್ಯಾಗ್ ಎಂದೇ ಲೆಕ್ಕವಾಗುತ್ತದೆ. ಟ್ಯಾಗ್ ದಾಟದೆ ಫ್ರೇಮ್ ಹುಡುಕಿದರೂ ಅಪಾಯ. ಫ್ರೇಮ್‌ನ ಗುರುತು ಬರೀ 11 ಒಂದುಗಳ ಸಾಲು, ಅಂಥದ್ದು ಚಿತ್ರದ ಡೇಟಾದಲ್ಲಿ ಧಾರಾಳವಾಗಿ ಸಿಗುತ್ತದೆ. ಒಂದು ಫ್ರೇಮ್ ಸಿಕ್ಕಿತು ಅನ್ನಿಸಿದ ಮೇಲೆ ಅದರ ಗಾತ್ರದಷ್ಟು ಮುಂದೆ ಜಿಗಿದು, ಅಲ್ಲೂ ಇನ್ನೊಂದು ಫ್ರೇಮ್ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಎಲ್ಲ ಹಾಡುಗಳ ಅವಧಿಯೂ ಸುಮಾರು ಶೇಕಡಾ 2.3ರಷ್ಟು ಕಡಿಮೆ ಬಂದರೆ: 128 ಕಿಲೋಬಿಟ್ ಎಂದರೆ 128000 ಬಿಟ್. ಅದನ್ನು 1024ರಿಂದ ಗುಣಿಸಿದ್ದೀರಿ.

ಜೋಡಿಸಿದ ಫೈಲ್ ಮೊದಲ ತುಂಡಿನಷ್ಟೇ ಅವಧಿ ತೋರಿಸಿದರೆ: ಎರಡು ಎಂಪಿ3ಗಳನ್ನು ಬೈಟ್ ಮಟ್ಟದಲ್ಲಿ ಒಂದರ ಹಿಂದೆ ಒಂದು ಅಂಟಿಸಿದರೆ ಕೇಳಲು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಕ್ಸಿಂಗ್ ಚೀಟಿ ಮಾತ್ರ ಮೊದಲ ತುಂಡಿನದ್ದು, ಅದಕ್ಕೆ ಎರಡನೆಯದರ ಸುಳಿವಿಲ್ಲ. ಓಗ್ ಫೈಲ್‌ಗಳನ್ನು ಹೀಗೆ ಅಂಟಿಸಿದರೆ ವಿರುದ್ಧ ಬಗೆಯ ತಪ್ಪಾಗುತ್ತದೆ, ಕೊನೆಯ ತುಂಡಿನ ಅವಧಿ ಮಾತ್ರ ಸಿಗುತ್ತದೆ. ಎಫ್‌ಎಫ್‌ಎಂಪೆಗ್‌ನ ಕಾನ್‌ಕ್ಯಾಟ್ ವಿಧಾನದಲ್ಲಿ ಜೋಡಿಸಿದರೆ ಹೊಸ ಹೆಡರ್ ಬರೆಯಲಾಗುತ್ತದೆ.

ಇಷ್ಟೆಲ್ಲ ಓದಿದ ಮೇಲೆ ನನ್ನ ಸ್ಪಷ್ಟ ಸಲಹೆ: ಕಲಿಯುವುದಕ್ಕೆ ಒಮ್ಮೆ ಎಂಪಿ3 ಪಾರ್ಸರ್ ಬರೆಯಿರಿ, ಬಳಕೆಗೆ ಬರೆಯಬೇಡಿ. ಮ್ಯುಟಾಜೆನ್ ಈ ಎಲ್ಲ ಗುರುತುಗಳನ್ನೂ ಬಲ್ಲದು. ಜತೆಗೆ 'ಸ್ಕೆಚಿ' ಎಂಬ ಗುಣವೊಂದರಲ್ಲಿ ಈ ಫೈಲ್ ಸಂದೇಹಾಸ್ಪದ ಎಂದು ಪ್ರಾಮಾಣಿಕವಾಗಿ ಹೇಳುತ್ತದೆ, ಅದನ್ನು ಓದುವ ಅಭ್ಯಾಸ ಇಟ್ಟುಕೊಳ್ಳಿ. ಎಫ್‌ಎಫ್‌ಪ್ರೋಬ್ ಕೂಡ 'ಬಿಟ್‌ರೇಟ್‌ನಿಂದ ಅವಧಿ ಅಂದಾಜು ಮಾಡುತ್ತಿದ್ದೇನೆ, ತಪ್ಪಿರಬಹುದು' ಎಂಬರ್ಥದ ಎಚ್ಚರಿಕೆ ಕೊಡುತ್ತದೆ. ಆದರೆ ಎಲ್ಲೆಡೆ ಹರಿದಾಡುವ ಕಮಾಂಡ್‌ನಲ್ಲಿ ದೋಷಗಳನ್ನು ಮಾತ್ರ ತೋರಿಸು ಎಂಬ ಆಯ್ಕೆ ಸೇರಿಕೊಂಡಿರುತ್ತದೆ, ಎಚ್ಚರಿಕೆ ಅದರಲ್ಲಿ ನುಂಗಿಹೋಗುತ್ತದೆ. ಪರೀಕ್ಷೆಯ ಸಮಯದಲ್ಲಿ ಆ ಆಯ್ಕೆ ತೆಗೆದು ಓಡಿಸಿ.

## ವೇವ್: ಸೊನ್ನೆ, 37 ಗಂಟೆ, ಅಥವಾ ಕುಗ್ಗಿದ ರಾತ್ರಿ

ವೇವ್ ಲೆಕ್ಕ ಸರಳ. ಡೇಟಾ ಭಾಗದ ಬೈಟ್‌ಗಳನ್ನು ಸೆಕೆಂಡಿನ ಬೈಟ್‌ಗಳಿಂದ ಭಾಗಿಸಿ. ಸಿಡಿ ಗುಣಮಟ್ಟಕ್ಕೆ ಅದು 44100 ಗುಣಿಸು 2 ಚಾನೆಲ್ ಗುಣಿಸು 2 ಬೈಟ್, ಅಂದರೆ 176400.

ಹೆಡರ್ 44 ಬೈಟ್ ಎಂದು ಗಟ್ಟಿ ನಂಬಿ ಬರೆದ ಕೋಡ್ ಮೊದಲು ಎಡವುವ ಕಲ್ಲು. ಡೇಟಾ ಭಾಗಕ್ಕೂ ಮುಂಚೆ ಕಲಾವಿದರ ಹೆಸರಿನ ಭಾಗವೋ ಮತ್ತಾವುದೋ ಬರಬಹುದು. ಒಂದೊಂದು ಭಾಗದ ಹೆಸರು ಮತ್ತು ಗಾತ್ರ ಓದುತ್ತ, 'ಡೇಟಾ' ಸಿಗುವವರೆಗೆ ಜಿಗಿಯುತ್ತ ಹೋಗಬೇಕು. ಗಾತ್ರ ಬೆಸ ಸಂಖ್ಯೆಯಾದರೆ ಒಂದು ಬೈಟ್ ಹೆಚ್ಚು ಜಿಗಿಯಿರಿ.

ಅವಧಿ ಸೊನ್ನೆ, ಆದರೆ ಫೈಲ್ ನೂರಾರು ಮೆಗಾಬೈಟ್ ಇದೆ ಎಂದರೆ ರೆಕಾರ್ಡರ್‌ನ ಬ್ಯಾಟರಿ ನಡುವೆ ಕೈಕೊಟ್ಟಿದೆ, ಅಥವಾ ಪ್ರೋಗ್ರಾಮ್ ಫೈಲ್ ಮುಚ್ಚದೆ ಸತ್ತಿದೆ. ಎಷ್ಟು ಬರೆದೆವು ಎಂಬುದನ್ನು ಹೆಡರ್‌ನಲ್ಲಿ ತುಂಬುವುದು ಕಟ್ಟಕಡೆಯ ಕೆಲಸ, ಅದೊಂದೇ ಬಾಕಿ ಉಳಿದಿದೆ. ಧ್ವನಿ ಬಹುತೇಕ ಒಳಗೇ ಇರುತ್ತದೆ. ಎಫ್‌ಎಫ್‌ಎಂಪೆಗ್‌ಗೆ ಹೆಡರ್‌ನ ಉದ್ದವನ್ನು ಕಡೆಗಣಿಸು ಎಂಬ ಆಯ್ಕೆ ಕೊಟ್ಟು, ಮರು ಎನ್‌ಕೋಡ್ ಮಾಡದೆ ಬೇರೆ ಹೆಸರಿನ ಫೈಲ್‌ಗೆ ನಕಲಿಸಿ.

ಎರಡು ಸೆಕೆಂಡಿನ ಮಾತಿನ ತುಣುಕು 37 ಗಂಟೆ 16 ನಿಮಿಷ ಎಂದು ಬಂದರೆ ಕಾರಣ ಪೈಪ್. ಔಟ್‌ಪುಟ್ ನೇರವಾಗಿ ಇನ್ನೊಂದು ಪ್ರೋಗ್ರಾಮ್‌ಗೆ ಹರಿದಾಗ ಎಫ್‌ಎಫ್‌ಎಂಪೆಗ್‌ಗೆ ಹಿಂದಕ್ಕೆ ಹೋಗಿ ಹೆಡರ್ ತುಂಬಲು ಆಗುವುದಿಲ್ಲ. ಗಾತ್ರದ ಜಾಗದಲ್ಲಿ 32 ಬಿಟ್‌ನ ಗರಿಷ್ಠ ಸಂಖ್ಯೆ 4294967295 ಉಳಿಯುತ್ತದೆ. 16000 ಹರ್ಟ್ಸ್, 16 ಬಿಟ್ ಮೊನೊದಲ್ಲಿ ಇದು 37 ಗಂಟೆ. ಸಿಡಿ ಗುಣಮಟ್ಟದಲ್ಲಿ 6 ಗಂಟೆ 45 ನಿಮಿಷ. ಕನ್ನಡ ಮಾತನ್ನು ಬರಹಕ್ಕೆ ಇಳಿಸುವ ಮಾದರಿಗಳಿಗೆಂದು ಧ್ವನಿತುಣುಕುಗಳನ್ನು ಸಿದ್ಧಪಡಿಸುವವರು ಒಟ್ಟು ಗಂಟೆಗಳನ್ನು ಕೂಡಿಸುವ ಮೊದಲು ಈ ಎರಡು ಸಂಖ್ಯೆಗಳನ್ನು ಹುಡುಕಿ ನೋಡಲಿ. ಇಂಥ ಒಂದೇ ತುಣುಕು ಇಡೀ ಸಂಗ್ರಹದ ಲೆಕ್ಕ ಕೆಡಿಸುತ್ತದೆ.

ಇನ್ನು ಕುಗ್ಗಿದ ರಾತ್ರಿ. ಬಯಲಾಟ ಎಂಟು ಗಂಟೆ ನಡೆಯಿತು, ಸಿಡಿ ಗುಣಮಟ್ಟದಲ್ಲಿ ದಾಖಲಾಯಿತು ಅನ್ನಿ. 28800 ಸೆಕೆಂಡಿಗೆ 508 ಕೋಟಿ ಬೈಟ್. ವೇವ್‌ನ ಗಾತ್ರದ ಜಾಗಕ್ಕೆ ಹಿಡಿಯುವುದು 429 ಕೋಟಿ ಮಾತ್ರ. ಉಕ್ಕಿ ಉಳಿದದ್ದು 78.5 ಕೋಟಿ, ಅವಧಿಯಾಗಿ 1 ಗಂಟೆ 14 ನಿಮಿಷ 12 ಸೆಕೆಂಡ್. ರೆಕಾರ್ಡರ್‌ಗಳು ಈ ಮಿತಿ ತಿಳಿದು ಫೈಲನ್ನು ತುಂಡರಿಸುತ್ತವೆ. ತುಂಡುಗಳನ್ನು ಕಂಪ್ಯೂಟರ್‌ನಲ್ಲಿ ಒಂದಾಗಿಸುವಾಗ ಈ ದೋಷ ಹುಟ್ಟುತ್ತದೆ. ಫೈಲ್ ಗಾತ್ರ 4 ಗಿಗಾಬೈಟ್ ಮೀರಿದ್ದರೆ ಬೇರೆ ಪರೀಕ್ಷೆ ಬೇಡ, ಇದೇ. 48000 ಹರ್ಟ್ಸ್, 24 ಬಿಟ್ ಸ್ಟೀರಿಯೊದಲ್ಲಿ ಮಿತಿ ಇನ್ನೂ ಬೇಗ, 4 ಗಂಟೆ 8 ನಿಮಿಷಕ್ಕೇ ಬರುತ್ತದೆ.

ಪರಿಹಾರವಾಗಿ ಐರೋಪ್ಯ ಪ್ರಸಾರ ಒಕ್ಕೂಟ ರೂಪಿಸಿದ ಆರ್‌ಎಫ್64 ಇದೆ. ಗಾತ್ರಗಳನ್ನು 64 ಬಿಟ್‌ನಲ್ಲಿ ಬರೆಯುವ ವೇವ್ ಅದು. ಎಫ್‌ಎಫ್‌ಎಂಪೆಗ್‌ನಲ್ಲಿ ಬೇಕಾದಾಗ ತಾನಾಗಿ ಆರ್‌ಎಫ್64 ಆಗುವ ಆಯ್ಕೆ ಉಂಟು. ಪೈಥಾನ್ ಜೊತೆಗೇ ಬರುವ ವೇವ್ ಮಾಡ್ಯೂಲ್ ಇದನ್ನು ಓದುವುದಿಲ್ಲ, ಸೌಂಡ್‌ಫೈಲ್ ಓದುತ್ತದೆ. ಸಂಗ್ರಹಕ್ಕೆ ಇಡುವುದಾದರೆ ಫ್ಲ್ಯಾಕ್ ಇನ್ನೂ ಒಳ್ಳೆಯದು; ಒಟ್ಟು ಸ್ಯಾಂಪಲ್ ಸಂಖ್ಯೆಗೆ ಅಲ್ಲಿ 36 ಬಿಟ್ ಜಾಗವಿದೆ, ಧ್ವನಿಯ ಗುಣ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಫ್ಲ್ಯಾಕ್‌ನಲ್ಲಿ ಆ ಸಂಖ್ಯೆ ಸೊನ್ನೆ ಬಂದರೆ 'ಗೊತ್ತಿಲ್ಲ' ಎಂದರ್ಥ, ಖಾಲಿ ಎಂದಲ್ಲ.

## ಬ್ರೌಸರ್: 'ನ್ಯಾನ್' ಅಥವಾ 'ಇನ್ಫಿನಿಟಿ'

ನ್ಯಾನ್ ('ಸಂಖ್ಯೆಯಲ್ಲ' ಎಂದರ್ಥ) ಬಂದರೆ ಅವಸರ ಮಾಡಿದ್ದೀರಿ. ಆಡಿಯೊ ಎಲಿಮೆಂಟ್‌ಗೆ ವಿಳಾಸ ಕೊಟ್ಟ ಮರುಸಾಲಿನಲ್ಲೇ ಅವಧಿ ಕೇಳಿದರೆ ಅದಕ್ಕಿನ್ನೂ ಏನೂ ತಿಳಿದಿರುವುದಿಲ್ಲ. 'ಲೋಡೆಡ್ ಮೆಟಾಡೇಟಾ' ಎಂಬ ಈವೆಂಟ್ ಬರುವವರೆಗೆ ಕಾಯಿರಿ.

ಇನ್ಫಿನಿಟಿ ಬೇರೆ ಮಾತು. ನೇರ ಪ್ರಸಾರವಾದರೆ ಅದು ಸರಿಯಾದ ಉತ್ತರವೇ. ಬ್ರೌಸರ್‌ನದೇ ಮೀಡಿಯಾ ರೆಕಾರ್ಡರ್‌ನಿಂದ ದಾಖಲಿಸಿದ ವೆಬ್‌ಎಂ ಫೈಲ್ ಆದರೆ, ಬರೆಯಲು ಶುರುಮಾಡುವಾಗ ಎಷ್ಟು ಹೊತ್ತು ನಡೆಯುತ್ತದೆಂದು ಬ್ರೌಸರ್‌ಗೆ ಗೊತ್ತಿರಲಿಲ್ಲ, ಮುಗಿದ ಮೇಲೆ ಯಾರೂ ಹಿಂದೆ ಹೋಗಿ ಬರೆಯಲಿಲ್ಲ. ಆಡಿಯೊ ಎಲಿಮೆಂಟ್‌ನ ಪ್ರಸ್ತುತ ಸಮಯವನ್ನು ಅಗಾಧ ಸಂಖ್ಯೆಯೊಂದಕ್ಕೆ ಇಟ್ಟರೆ ಬ್ರೌಸರ್ ಫೈಲ್‌ನ ತುದಿ ಹುಡುಕುತ್ತ ನಿಜವಾದ ಅವಧಿ ಕಂಡುಕೊಳ್ಳುತ್ತದೆ. ಅವಧಿ ಬದಲಾದ ಈವೆಂಟ್ ಹಿಡಿದು ಸಮಯವನ್ನು ಸೊನ್ನೆಗೆ ತನ್ನಿ. ಕೆಲಸ ಆಗುತ್ತದೆ, ಆದರೆ ಸರ್ವರ್‌ನಲ್ಲಿ ಎಫ್‌ಎಫ್‌ಎಂಪೆಗ್‌ನಿಂದ ಮರುನಕಲು ಮಾಡಿ ಹೆಡರ್ ತುಂಬುವುದು ಹೆಚ್ಚು ಭರವಸೆಯ ದಾರಿ. ವೆಬ್ ಆಡಿಯೊದಲ್ಲಿ ಪೂರ್ತಿ ಡಿಕೋಡ್ ಮಾಡಿದರೂ ನಿಖರ ಅವಧಿ ಸಿಗುತ್ತದೆ. ಆದರೆ ಒಂದು ಗಂಟೆಯ ಸ್ಟೀರಿಯೊ, 44100 ದರದಲ್ಲೂ, ಮೆಮೊರಿಯಲ್ಲಿ 127 ಕೋಟಿ ಬೈಟ್ ಹಿಡಿಯುತ್ತದೆ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಟ್ಯಾಬ್ ಅಲ್ಲೇ ಮುಚ್ಚಿಹೋಗಬಹುದು.

## ಕೆಲವೇ ಮಿಲಿಸೆಕೆಂಡ್ ವ್ಯತ್ಯಾಸ

ವೇವ್‌ಗಿಂತ ಅದರಿಂದಲೇ ಮಾಡಿದ ಎಂಪಿ3 ಸುಮಾರು 25ರಿಂದ 50 ಮಿಲಿಸೆಕೆಂಡ್ ಉದ್ದ ಬಂದರೆ ಅದು ದೋಷವಲ್ಲ. ಎನ್‌ಕೋಡರ್ ಶುರುವಿನಲ್ಲಿ ಒಂದಿಷ್ಟು ಮೌನ ಸೇರಿಸುತ್ತದೆ (ಲೇಮ್‌ನಲ್ಲಿ ಸಾಮಾನ್ಯವಾಗಿ 576 ಸ್ಯಾಂಪಲ್, ಡಿಕೋಡರ್‌ನದ್ದು ಇನ್ನೂ 529), ಕೊನೆಯ ಫ್ರೇಮ್ ತುಂಬಿಸಲೂ ಮೌನ ಹಾಕುತ್ತದೆ. ಆ್ಯಪಲ್‌ನ ಎಎಸಿ ಎನ್‌ಕೋಡರ್ 2112 ಸ್ಯಾಂಪಲ್ ಸೇರಿಸುತ್ತದೆ. ಪಟ್ಟಿಯಲ್ಲಿ ಅವಧಿ ತೋರಿಸುವುದಷ್ಟೇ ಕೆಲಸವಾದರೆ ಬಿಟ್ಟುಬಿಡಿ. ತಾಳಕ್ಕೆ ತಾಳ ಕೂಡಿಸುವ, ಚಿತ್ರಕ್ಕೆ ಧ್ವನಿ ಹೊಂದಿಸುವ ಕೆಲಸವಾದರೆ ನಡುವಿನ ಹಂತಗಳಲ್ಲಿ ವೇವ್ ಅಥವಾ ಫ್ಲ್ಯಾಕ್ ಮಾತ್ರ ಬಳಸಿ.

## ಯಾವುದೂ ಹೊಂದದಿದ್ದಾಗ: ಪೂರ್ತಿ ಎಣಿಕೆ

ಎಫ್‌ಎಫ್‌ಎಂಪೆಗ್‌ಗೆ ಫೈಲ್ ಕೊಟ್ಟು ಔಟ್‌ಪುಟ್ 'ನಲ್' ಎಂದು ಹೇಳಿ. ಅದು ಇಡೀ ಫೈಲ್ ಡಿಕೋಡ್ ಮಾಡಿ ಎಲ್ಲೂ ಬರೆಯದೆ, ಕೊನೆಗೆ ತಲುಪಿದ ಸಮಯವನ್ನು ತೋರಿಸುತ್ತದೆ. ಹಳೆಯ ಮೊಬೈಲ್‌ಗಳ ಎಎಂಆರ್‌ನಂತೆ ಅವಧಿಯೇ ಬರೆದಿಲ್ಲದ ಫಾರ್ಮ್ಯಾಟ್‌ಗಳಿಗೂ ಇದು ಒಪ್ಪುತ್ತದೆ. ಪ್ರತಿ ಬಾರಿ ಪಟ್ಟಿ ತೆರೆದಾಗ ಮಾಡುವ ಕೆಲಸ ಇದಲ್ಲ. ಫೈಲ್ ಬಂದಾಗ ಒಮ್ಮೆ ಮಾಡಿ ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳಿ. ಲಿಪ್ಯಂತರಕ್ಕೆ ನಿಮಿಷದ ಲೆಕ್ಕದಲ್ಲಿ ಹಣ ಕೊಡುವ ಕಡೆ, ಜಾಹೀರಾತಿನ ಸಮಯ ಅಳೆಯುವ ಕಡೆ, ಈ ಎಣಿಕೆಯ ಹೊರತು ಬೇರೆ ಸಂಖ್ಯೆ ಬಳಸುವುದು ದುಡಿದವರಿಗೆ ಮಾಡುವ ಅನ್ಯಾಯ.

ಬೇರೆಯವರು ಕಳಿಸಿದ ಫೈಲ್‌ಗಳಾದರೆ ಮೂರು ಎಚ್ಚರಿಕೆ. ಫೈಲ್‌ನ ಹೆಸರನ್ನು ಕಮಾಂಡ್ ಸಾಲಿಗೆ ನೇರವಾಗಿ ಹೆಣೆಯಬೇಡಿ. ಹೆಸರಿನೊಳಗೇ ಇನ್ನೊಂದು ಕಮಾಂಡ್ ಅಡಗಿರಬಹುದು, ಆರ್ಗ್ಯುಮೆಂಟ್‌ಗಳ ಪಟ್ಟಿಯಾಗಿ ಕಳಿಸಿ. ಇಷ್ಟು ಹೊತ್ತು, ಇಷ್ಟು ಮೆಮೊರಿ ಎಂಬ ಮಿತಿ ಹಾಕಿ. ಎಂಪಿ3 ಹೆಸರಿನಲ್ಲಿ ಬಂದ ಪ್ಲೇಲಿಸ್ಟ್ ಒಂದು ನಿಮ್ಮ ಸರ್ವರ್‌ನಿಂದಲೇ ಬೇರೆ ವಿಳಾಸಗಳನ್ನು ತೆರೆಸಬಹುದು, ಆದ್ದರಿಂದ ಎಫ್‌ಎಫ್‌ಎಂಪೆಗ್‌ಗೆ ಸ್ಥಳೀಯ ಫೈಲ್ ಮಾತ್ರ ಸಾಕು ಎಂಬ ಪ್ರೋಟೊಕಾಲ್ ನಿರ್ಬಂಧ ಕೊಡಿ.

## ಎಲ್ಲಿ ಕೈ ತೆಗೆಯಬೇಕು

ಎಂ4ಎ ಅಥವಾ ಎಂಪಿ4 ಫೈಲ್ ತೆರೆದಾಗ 'ಮೂವ್ ಆ್ಯಟಮ್ ಸಿಗಲಿಲ್ಲ' ಎಂದು ಬಂದರೆ ಅದು ಅವಧಿಯ ಪ್ರಶ್ನೆಯಾಗಿ ಉಳಿದಿಲ್ಲ. ಯಾವ ತುಣುಕು ಎಲ್ಲಿದೆ ಎಂಬ ಇಡೀ ಸೂಚಿಯೇ ಬರೆಯುವ ಮೊದಲು ಫೋನ್ ಆರಿಹೋಗಿದೆ. ಅನ್‌ಟ್ರಂಕ್ ಎಂಬ ಮುಕ್ತ ಉಪಕರಣ, ಅದೇ ಫೋನ್‌ನಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ದಾಖಲಿಸಿದ ಇನ್ನೊಂದು ಒಳ್ಳೆಯ ಫೈಲ್ ಕೊಟ್ಟರೆ, ಸೂಚಿಯನ್ನು ಮತ್ತೆ ಕಟ್ಟಲು ಯತ್ನಿಸುತ್ತದೆ. ಫೈಲ್‌ನ ಬಹುಭಾಗ ಬರೀ ಸೊನ್ನೆ ಬೈಟ್‌ಗಳಾಗಿದ್ದರೆ ಯಾವ ಉಪಕರಣದಿಂದಲೂ ಆಗದು. ಸಿಗುವುದಿದ್ದರೆ ಅದು ಕಾರ್ಡ್‌ನಲ್ಲೇ ಸಿಗಬೇಕು.

ಹೆಡರ್ ಪೂರ್ತಿ ಅಳಿದ ವೇವ್ ಆದರೆ ಆಡಾಸಿಟಿಯಲ್ಲಿ ಕಚ್ಚಾ ಡೇಟಾ ಎಂದು ಆಮದು ಮಾಡಿ ನೋಡಬಹುದು. 16 ಬಿಟ್, ಲಿಟಲ್ ಎಂಡಿಯನ್ (ಕಿರಿಯ ಬೈಟ್ ಮೊದಲು), ಚಾನೆಲ್ ಮತ್ತು ದರವನ್ನು ನೀವೇ ಹೇಳಬೇಕು. ಮೊದಲು ಇಯರ್‌ಫೋನ್ ತೆಗೆದಿಡಿ, ಸ್ಪೀಕರ್ ದನಿ ತಗ್ಗಿಸಿ. ಊಹೆ ತಪ್ಪಿದರೆ, ಒಂದೇ ಒಂದು ಬೈಟ್ ಆಚೀಚೆಯಾದರೂ, ಗರಿಷ್ಠ ಮಟ್ಟದ ಕರ್ಕಶ ಸದ್ದು ಬರುತ್ತದೆ, ಕಿವಿಗೂ ಸ್ಪೀಕರ್‌ಗೂ ಕೆಡುಕು. ಹಾಗೆ ಸದ್ದು ಬಂದರೆ ಆರಂಭದ ಬೈಟ್ ಅನ್ನು ಒಂದರಷ್ಟು ಸರಿಸಿ ಮತ್ತೆ ನೋಡಿ.

ರೆಕಾರ್ಡರ್ ನಡುವೆ ನಿಂತುಹೋದ ಕಾರ್ಡ್‌ನಲ್ಲಿ ಮತ್ತೆ ದಾಖಲಿಸಬೇಡಿ, ಫಾರ್ಮ್ಯಾಟ್ ಮಾಡು ಎಂದು ಕಂಪ್ಯೂಟರ್ ಕೇಳಿದರೆ ಒಪ್ಪಬೇಡಿ. ಅದರ ಪೂರ್ತಿ ಇಮೇಜ್ (ಇಡೀ ಕಾರ್ಡ್‌ನ ಬೈಟ್‌ಬೈಟ್ ನಕಲು) ತೆಗೆದು, ಕಾರ್ಡನ್ನು ಪಕ್ಕಕ್ಕಿಟ್ಟು, ಇಮೇಜ್‌ನ ಮೇಲೆ ಕೆಲಸ ಮಾಡಿ. ಇಮೇಜ್ ತೆಗೆಯುವಾಗಲೇ ಓದುವ ದೋಷಗಳು ಬರತೊಡಗಿದರೆ, ಅಥವಾ ಕಾರ್ಡ್ ಬಿಸಿಯಾಗತೊಡಗಿದರೆ, ಅಲ್ಲಿಗೆ ನಿಲ್ಲಿಸಿ ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ. ಯಾವ ಸಾಧನ, ಯಾವ ಸ್ಯಾಂಪಲ್ ದರ, ಎಷ್ಟು ಬಿಟ್, ಸುಮಾರು ಎಷ್ಟು ಹೊತ್ತು ನಡೆದಿತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕಾರ್ಡ್ ಜೊತೆಗೆ ಇಟ್ಟರೆ ಅವರ ಕೆಲಸ ಹಗುರವಾಗುತ್ತದೆ.